ಪಾರ್ವತತ್ತೆಯ ಕಿತ್ತಳೆ ಮರಗಳು

ಅರವತ್ತು ದಾಟಿದ ಮೇಲೂ ಪಾರ್ವತತ್ತೆ ಮರ ಹತ್ತುತ್ತಿದ್ದರು. ಸೀರೆ ಎತ್ತಿ ಕಟ್ಟಿ, ಸೊಂಟಕ್ಕೆ ಕತ್ತರಿ ಸಿಕ್ಕಿಸಿ, ಹೆಗಲಿಗೆ ಚೀಲ ಇಳಿಬಿಟ್ಟು ಕಿತ್ತಳೆ ಮರದ ನೆತ್ತಿಗೆ ಹೋಗಿ ನಿಂತರೆ, ಹೊಂಗಡಹಳ್ಳದ ರಸ್ತೆಯಲ್ಲಿ ಹೋಗುವವರಿಗೆ ಎಲೆಗಳ ನಡುವಿನಿಂದ ಅವರ ಮಾತಷ್ಟೇ ಕೇಳಿಸುತ್ತಿತ್ತು.

ಅವರು ನನ್ನ ಸ್ವಂತ ಅತ್ತೆಯಲ್ಲ, ಬೇಲಿಯಾಚೆಯ ಮನೆಯವರು. ಕಾಫಿ ಗಿಡಗಳ ನಡುವೆ ಹನ್ನೊಂದು ಕಿತ್ತಳೆ ಮರ ಸಾಕಿದ್ದರು. ನಮ್ಮ ತೋಟದಲ್ಲಿ ಎರಡೇ ಉಳಿದಿದ್ದವು, ಊರಿನ ಬೇರೆಯವರೆಲ್ಲ ಕಡಿಸಿ ಮೆಣಸು ಹಬ್ಬಿಸಿದ್ದರು. ಅವರ ಗಂಡ ಬಸಪ್ಪ ಮಾವನೂ ಹಾಗೇ ಮಾಡೋಣವೆನ್ನುತ್ತಿದ್ದರು. ಅತ್ತೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಮ್ಮೆ ನಾನು ಹಣ್ಣೊಂದನ್ನು ಜಗ್ಗಿ ಕಿತ್ತು ತೊಟ್ಟಿನ ಬಳಿ ಸಿಪ್ಪೆ ಹರಿದುಬಿಟ್ಟೆ.

"ಕೀಳ್ಬಾರ್ದು ಕಣೋ, ಬಿಡಿಸ್ಕೋಬೇಕು. ಹರಿದಿದ್ದು ತಾನೂ ಕೊಳೀತೈತೆ, ಜೊತೇಲಿರೋದನ್ನೂ ಕೊಳೆಸ್ತೈತೆ" ಎಂದು ಅದನ್ನು ಸುಲಿದು ನನಗೇ ತಿನ್ನಿಸಿದರು.

ಆ ವರ್ಷ ಹೂವೇನೋ ಬಂತು, ಆಮೇಲೆ ಮಳೆ ಬರಲಿಲ್ಲ. ಹಳ್ಳ ಬತ್ತಿತು. ಬಿಸಿಲಿಗೆ ಗೋಲಿಯಷ್ಟಿದ್ದ ಕಾಯಿಗಳು ದಿನವೂ ಉದುರುತ್ತಿದ್ದವು. ಅತ್ತೆ ಬಾವಿಯ ತಳದ ನೀರನ್ನು ಕೊಡದಲ್ಲಿ ಹೊತ್ತು ಮರಗಳಿಗೆ ಹಾಕಿದರು. ಮಳೆಗಾಲ ಹಿಡಿದ ಮೇಲೆ ಮಳೆ ಬಿಡಲೇ ಇಲ್ಲ. ತಗ್ಗಿನಲ್ಲಿದ್ದ ನಾಲ್ಕು ಮರಗಳ ಬೇರು ಕೊಳೆತು ಎಲೆ ಹಳದಿಯಾಯಿತು.

"ಮರಕ್ಕೆ ಕಾಲವೇ ತಿಳೀದಂಗಾಗ್ಬುಟ್ಟೈತೆ ಮಾರಾಯ" ಅಂದರು.

ಡಿಸೆಂಬರಿನಲ್ಲಿ, ಉಳಿದ ಏಳು ಮರಗಳ ಹಣ್ಣು ಬಣ್ಣಕ್ಕೆ ತಿರುಗುವ ಹೊತ್ತಿಗೆ, ಮತ್ತೆ ಮಳೆ ಹಿಡಿಯಿತು. ನೀರು ಕುಡಿದ ಹಣ್ಣು ಮರದಲ್ಲೇ ಸೀಳತೊಡಗಿತು. ಮೂರನೆಯ ದಿನ ಬೆಳಗ್ಗೆ ಅತ್ತೆ ನನ್ನನ್ನು ಏಣಿ ಹಿಡಿಯಲು ಕರೆದರು.

"ಮಳೆ ನಿಲ್ಲಲಿ ಅತ್ತೆ."

"ಅದು ನಿಲ್ಲೋಗಂಟ ಹಣ್ಣು ನಿಲ್ಲಲ್ಲ. ಹಿಡ್ಕೋ."

ಬೇಡವೆಂದು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ, ಏಣಿ ಹಿಡಿದೆ. ಎರಡು ಚೀಲ ತುಂಬಿಸಿ ಇಳಿಸಿದರು. ಮೂರನೆಯದಕ್ಕೆ ಏಣಿ ಬಿಟ್ಟು ಕೊಂಬೆಗೆ ಕಾಲಿಟ್ಟರು. ಹೊರಗೆ ಹಸಿರಾಗಿದ್ದ ಆ ಕೊಂಬೆಯ ಒಳಗನ್ನು ಹುಳ ಕೊರೆದಿತ್ತು. ಬಿಸಿಲಿಗೆ ಸೊರಗಿದ ಮರಕ್ಕೆ ಹುಳ ಬೇಗ ಬೀಳುತ್ತದೆಂದು ನನಗೆ ಆಮೇಲೆ ತಿಳಿಯಿತು. ಕೊಂಬೆ ಮುರಿದದ್ದೂ ಅವರು ನೆಲಕ್ಕೆ ಬಿದ್ದದ್ದೂ ಒಟ್ಟಿಗೇ ಕೇಳಿಸಿತು. ಜೀಪಿನಲ್ಲಿ ಮಲಗಿಸುವಾಗ "ಹಣ್ಣು ನೆನೀತಾ ಐತೆ, ಒಳಗಿಡ್ರೋ" ಅಂದರು. ಸಕಲೇಶಪುರದ ಆಸ್ಪತ್ರೆಗೆ ಕರೆದೊಯ್ದೆವು.

ಸೊಂಟದ ಮೂಳೆ ಕೂಡಲಿಲ್ಲ. ಅತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಮುಂದಿನ ಬೇಸಿಗೆಯಲ್ಲೊಂದು ದಿನ ಹತ್ತಿರ ಕೂತಿದ್ದ ನನ್ನನ್ನು ಕೇಳಿದರು:

"ಹೂ ಬಂದೈತೇನೋ?"

"ಬಂದಿದೆ ಅತ್ತೆ."

"ಯಾವ್ದಕ್ಕೆ?"

"ಬೇಲಿ ಪಕ್ಕದ್ದಕ್ಕೆ."

"ಅದು ಒಣಗೋಗಿ ತಿಂಗ್ಳಾತು. ನಿಮ್ಮ ಮಾವ ಹೇಳವ್ರೆ."

ನಾನು ತಲೆ ತಗ್ಗಿಸಿದೆ. ಅವರೇ ಹೇಳಿದರು: "ಹುಳ ಬಿದ್ದವ್ನೆಲ್ಲ ಕಡ್ಸಿ ಸುಟ್ಬುಡಿ. ನಿಮ್ಮವೆರಡಾದ್ರೂ ಉಳೀಲಿ."

"ನಾನು ಏಣಿ ಹಿಡೀಬಾರದಿತ್ತು ಅತ್ತೆ."

"ನೀನು ಹಿಡೀದಿದ್ರೂ ನಾನು ಹತ್ತುತ್ತಿದ್ದೆ. ಕಾಫಿ ಕುಡ್ಕೊಂಡು ಹೋಗು."

ಅವರೊಂದಿಗೆ ನಾನಾಡಿದ ಕೊನೆಯ ಮಾತು ಅದು. ಜುಲೈನಲ್ಲಿ ಅವರು ತೀರಿಕೊಂಡಾಗ ಐದು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ದಿಬ್ಬದ ಮೇಲೆ ಗುಂಡಿ ತೋಡಿದೆವು. ಸೊಂಟದಾಳಕ್ಕೆ ಇಳಿಯುವಷ್ಟರಲ್ಲಿ ನಾಲ್ಕೂ ಕಡೆಯಿಂದ ನೀರು ಒಸರಿತು. ಇನ್ನೊಂದು ಕಡೆ ತೋಡಿದರೆ ಅಲ್ಲೂ ಅದೇ. ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದಷ್ಟೂ ತುಂಬುತ್ತಿತ್ತು. ಮಧ್ಯಾಹ್ನ ಕಳೆದರೂ ಚೆಲ್ಲುತ್ತಲೇ ಇದ್ದೆವು. ಛತ್ರಿ ಹಿಡಿದು ನಿಂತಿದ್ದ ಬಸಪ್ಪ ಮಾವ ಕೊನೆಗೆ ಬಂದು ನನ್ನ ಕೈಯಿಂದ ಬಕೆಟ್ ತೆಗೆದುಕೊಂಡರು.

"ಸಾಕು ಬಿಡಪ್ಪ. ಹೊತ್ತು ಹೋಗ್ತಾ ಐತೆ."

ಮೊಣಕಾಲುದ್ದ ನೀರಿನಲ್ಲೇ ಅತ್ತೆಯನ್ನು ಕೂರಿಸಿದೆವು.