ಖಾಲಿ ಎಂದು ಬರೆದ ಮರಳು

ಇವತ್ತು ಬೆಳಿಗ್ಗೆ ಕರುವಾಡಿನ ಪೊಟ್ಟಣ ಬಿಚ್ಚಿದೆ. ಕರುವಾಡೆಂದರೆ ಒಣಮೀನು, ಹೊಸೂರಿನ ಮೂಕಂಡಪಲ್ಲಿಯ ನಮ್ಮ ಬೀದಿಗೆ ವಾರಕ್ಕೊಮ್ಮೆ ಗಾಡಿ ಬರುತ್ತದೆ. ಹೆಂಡತಿ ಮೂಗಿಗೆ ಸೆರಗು ಹಿಡಿದು, "ಅದೇನ್ ರುಚಿ ಹತ್ತುಸ್ಕೊಂಡ್ ಬಂದ್ರೋ ಆ ಮದ್ರಾಸಿಂದ! ಹಿತ್ಲಿಗೆ ಎತ್ಕೊಂಡೋಗಿ" ಎಂದಳು. ಹೋದೆ. ಪೊಟ್ಟಣದ ಕಾಗದ ಓದುವುದು ನನ್ನ ಹಳೆಯ ಚಟ. ಎಣ್ಣೆ ಹೀರಿದ ಮೂಲೆಯಲ್ಲಿ ತಮಿಳಿನ ಪ್ರಕಟಣೆಯೊಂದಿತ್ತು: ಚೆನ್ನೈನ ಒಂದು ಮೀನುಗಾರರ ಕೇರಿಯ ಮುಂದಿನ ಖಾಲಿ ಮರಳನ್ನು ವಿಶ್ವದರ್ಜೆಯ ಕಡಲತೀರವಾಗಿ ಮಾಡಲಾಗುವುದು, ಆಕ್ಷೇಪಣೆ ಇದ್ದವರು ಸೋಮವಾರದೊಳಗೆ ಸಲ್ಲಿಸತಕ್ಕದ್ದು. ತಾರೀಖು ನೋಡಿದೆ. ಈ ವಾರದ್ದೇ.

ಆ 'ಖಾಲಿ' ಎಂಬ ಮಾತನ್ನು ಮೊದಲು ಬರೆದವರು ಯಾರೆಂದು ನಿಮಗೆ ಗೊತ್ತಿರಲಾರದು. ನಾನೇ ಸ್ವಾಮಿ.

ಕೆಲವು ವರ್ಷಗಳ ಹಿಂದೆ ಚೆನ್ನೈನ ಒಂದು ಖಾಸಗಿ ಕಂಪನಿಯಲ್ಲಿ ನಾನು ಅಳತೆ ಮಾಡಿ ನಕ್ಷೆ ಬರೆಯುತ್ತಿದ್ದೆ. ಕಡಲತೀರವನ್ನು ಸಿಂಗಾಪುರ ಮಾಡುವ ಗುತ್ತಿಗೆ ನಮ್ಮದು. ಸ್ವಾತಂತ್ರ್ಯ ಬಂದದ್ದರಿಂದ ಎಂಥ ಅನುಕೂಲವಾಗಿದೆ ನೋಡಿ! ಮೊದಲು ನಾವು ಲಂಡನ್ನಿನ ಹಾಗೆ ಮಾತ್ರ ಆಗಬೇಕಿತ್ತು. ಈಗ ಸಿಂಗಾಪುರ, ದುಬೈ, ಯಾವುದರ ಹಾಗೆ ಬೇಕಾದರೂ ಆಗಬಹುದು. ನಮ್ಮ ಹಾಗೆ ಇರುವುದಕ್ಕೆ ಮಾತ್ರ ಇನ್ನೂ ಅನುಮತಿ ಸಿಕ್ಕಿಲ್ಲ.

ಹೊಸೂರಿನವನಿಗೆ ಸಮುದ್ರದ ದಡ ಅಳೆಯಲು ಹೇಳಿದವರ ಬುದ್ಧಿಯನ್ನೂ ಮೆಚ್ಚಬೇಕು. ಬದುವಿದ್ದರೆ ಹೊಲ, ಬೇಲಿಯಿದ್ದರೆ ತೋಟ, ಕಲ್ಲು ನೆಟ್ಟಿದ್ದರೆ ಯಾರದೋ ಜಾಗ. ನನ್ನ ಜ್ಞಾನ ಇಷ್ಟೇ. ಬಿಸಿಲೇರುವ ಮೊದಲು ಮುಗಿಸೋಣವೆಂದು ಆರು ಗಂಟೆಗೇ ಹೋದೆ. ಬದುವಿಲ್ಲ, ಬೇಲಿಯಿಲ್ಲ. ಎರಡು ಕಾಗೆ, ಒಂದು ನಾಯಿ. ಅಳೆದು, 'ಖಾಲಿ' ಎಂದು ದುಂಡಗೆ ಬರೆದು, ಸಹಿ ಹಾಕಿದೆ.

ಒಂಬತ್ತರ ಹೊತ್ತಿಗೆ ಟೀ ಕುಡಿಯುತ್ತ ಅಲ್ಲೇ ನಿಂತಿದ್ದಾಗ ದೋಣಿಗಳು ವಾಪಸು ಬರತೊಡಗಿದವು. ನೋಡನೋಡುತ್ತ ನನ್ನ ಖಾಲಿ ಜಾಗದಲ್ಲಿ ಕಾಲಿಡಲು ಜಾಗವಿಲ್ಲ. ಬುಟ್ಟಿ ಹಿಡಿದ ಹೆಂಗಸೊಬ್ಬಳು ಆ ಕೇರಿಯ ಮನೆಮಾತಾದ ತೆಲುಗಿನಲ್ಲಿ ಗದರಿದಳು: "ಏಮಯ್ಯಾ, ನಮ್ಮ ದೋಣಿ ನಿಲ್ಲೋ ಕಡೆ ಗೂಟದ ಹಾಗೆ ನಿಂತಿದ್ದೀಯಲ್ಲ, ಸರಿ ಅತ್ತ!" ಅವಳು ಪೋಲಮ್ಮ. ಹೊಸೂರಿನವನಿಗೆ ತೆಲುಗು ಬಾರದೆ ಇದ್ದೀತೇ? ಹಲ್ಲುಕಿರಿದು ಮಾತಿಗಿಳಿದೆ. ಹಾಳೆಯಲ್ಲಿ ಏನು ಬರೆದಿದ್ದೀ ಎಂದು ಕೇಳಿದಳು. ಇಲ್ಲೇನೂ ಇಲ್ಲ ಅಂತ ಬರೆದಿದ್ದೀನಿ ಎಂದೆ. ಬಿದ್ದು ಬಿದ್ದು ನಕ್ಕಳು.

"ಗಂಡಸರು ಸಮುದ್ರಕ್ಕೆ ಹೋಗಿರೋ ಹೊತ್ತು ನೋಡ್ಕೊಂಡು ಬಂದು ಊರೇ ಖಾಲಿ ಅಂತ ಬರ್ಕೊಂಡ್ಯಾ? ಕಳ್ಳನೂ ನಿನಗಿಂತ ವಾಸಿ!"

ಆಮೇಲೆ ಅವಳೇ ನನ್ನನ್ನು ಮರಳ ಮೇಲೆ ನಡೆಸಿ ಒಂದೊಂದೇ ತೋರಿಸಿದಳು. ಇಲ್ಲಿ ಬಲೆ ಹೊಲಿಯುವುದು, ಇಲ್ಲಿ ಮೀನು ಒಣಗಿಸುವುದು, ಗಾಳಿಯ ತಿಂಗಳಲ್ಲಿ ದೋಣಿ ಎಳೆದು ತರುವುದು ಇಲ್ಲಿಗೆ. ನಾನು ಇನ್ನೊಂದು ಹಾಳೆಯಲ್ಲಿ ಬರೆಯುತ್ತ ಹೋದೆ. ಒಂದು ದಿಬ್ಬದ ಮೇಲೆ ಏನೂ ಇರಲಿಲ್ಲ. ಇದಾದರೂ ಖಾಲಿಯೇ ಎಂದು ಕೇಳಿದೆ. "ದೋಣಿ ತಡವಾದರೆ ನಾವು ಹೆಂಗಸರು ನಿಂತು ನೋಡೋದು ಇಲ್ಲೇ. ಅದಕ್ಕೇ ಏನೂ ಇಡಲ್ಲ" ಎಂದಳು. ಆ ಮಧ್ಯಾಹ್ನ ಅವಳ ಮನೆಯಲ್ಲಿ ಉಂಡಾಗಲೇ ನನಗೆ ಕರುವಾಡಿನ ರುಚಿ ಹತ್ತಿದ್ದು. "ಸರಿಯಾಗಿ ಬರೀತೀಯಲ್ಲ?" ಎಂದಳು. "ಬರೀತೀನಿ ಅಕ್ಕಾ" ಎಂದೆ.

ಆಫೀಸಿನಲ್ಲಿ ಮೇಲಧಿಕಾರಿ ಈ ಎರಡನೆಯ ಹಾಳೆಯನ್ನು ಮುಟ್ಟಲೂ ಇಲ್ಲ. ಬಿಳಿಯರ ಕಾಲದ ಹಳೆಯ ನಕ್ಷೆಯನ್ನು ಹರಡಿದರು. ಅಲ್ಲೂ ಪಾಳು ಎಂದೇ ಇತ್ತು. "ನೀವೇನ್ರೀ ಅವರಿಗಿಂತ ಜಾಣರಾ?" ಎಂದರು. ಬಿಳಿಯರು ಹೋದರೂ ಅವರ ಕೈಬರಹ ಎಷ್ಟು ಭಕ್ತಿಯಿಂದ ಉಳಿದಿದೆ! ಅದೂ ಅಲ್ಲದೆ ನಮ್ಮ ನಕ್ಷೆಯಲ್ಲಿ ದೋಣಿಗೆ ಬಣ್ಣವೇ ಇರಲಿಲ್ಲ. ಸೈಕಲ್ ದಾರಿಗಿತ್ತು, ಕಾರಂಜಿಗಿತ್ತು. ಹೌದು, ಸಮುದ್ರದ ಎದುರಿಗೇ ಒಂದು ಕಾರಂಜಿ. ನಾನು 'ಖಾಲಿ' ಎಂದಿದ್ದ ಮೊದಲ ಹಾಳೆಯನ್ನೇ ಕೊಟ್ಟು, ಎರಡನೆಯದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ಸಂಕ್ರಾಂತಿಗೆ ತೊರಪಲ್ಲಿ ಕಡೆಯ ನಮ್ಮೂರಿಗೆ ಹೋದಾಗ ಅಣ್ಣನಿಗೆ ಇದನ್ನು ತಮಾಷೆಯ ಕತೆಯಾಗಿ ಹೇಳಿದೆ. ಅವನು ಕಣದಲ್ಲಿ ರಾಗಿ ತೂರುತ್ತಿದ್ದ. ಮೊರ ಕೆಳಗಿಟ್ಟ.

"ಈ ಕಣಾನೂ ಹತ್ತು ತಿಂಗ್ಳು ಬರೀದೇ ಬಿದ್ದಿರ್ತದೆ ಕಣ್ಲಾ. ಖಾಲಿ ಅಂತ ಬರ್ಕೊಂಡು ಹೋಗ್ಬುಡ್ತೀಯೇನ್ಲಾ?"

ಅವನು ನಗಲಿಲ್ಲ. ನಾನೂ ಆ ಕತೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ, ಇವತ್ತು ನಿಮಗೆ ಹೇಳುವವರೆಗೆ.

ಟ್ರಂಕಿನ ತಳದಲ್ಲಿ ಆ ಹಾಳೆ ಇನ್ನೂ ಇದೆ. ಮಡಿಕೆಗಳು ಸವೆದಿವೆ, ದಿಬ್ಬ ಮಾತ್ರ ಸ್ಪಷ್ಟವಾಗಿದೆ. "ಸೋಮ್ವಾರದೊಳ್ಗೆ ಅಂದ್ರೆ ಅಂಚೆಗೆ ಹಾಕುದ್ರೆ ಆಗಲ್ಲ, ನೀವೇ ಬಸ್ ಹತ್ಬೇಕು" ಎಂದಳು ಹೆಂಡತಿ, ಸೆರಗು ಇನ್ನೂ ಮೂಗಿನ ಮೇಲೇ. ಆಕ್ಷೇಪಣೆ ಬರೆಯಲು ಕೂತಿದ್ದೇನೆ. ಅರ್ಜಿದಾರರು ಆ ಜಾಗಕ್ಕೂ ತಮಗೂ ಇರುವ ಸಂಬಂಧವನ್ನು ತಿಳಿಸಬೇಕಂತೆ. ತುಂಬ ಹೊತ್ತು ಯೋಚಿಸಿ, ದುಂಡಗೆ ಬರೆದು, ಸಹಿ ಹಾಕಿದೆ:

"ಇದನ್ನು ಖಾಲಿ ಎಂದು ಬರೆದವನು ನಾನೇ. ನಾನು ಹೋದಾಗ ಅವರು ಸಮುದ್ರದಲ್ಲಿದ್ದರು."