ದಿನಕ್ಕೆರಡು ಸಲ ನಾಲ್ಕು ನಿಮಿಷ

ಕಾಂತರಾಜ್ ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದಲ್ಲಿ, ಪೇಪರ್ ಮಿಲ್ಲಿನ ಕ್ವಾರ್ಟರ್ಸಿನಲ್ಲಿ. ಹತ್ತೊಂಬತ್ತಕ್ಕೆ ಬಸ್ಸಿನ ಕ್ಲೀನರ್ ಆದ, ಇಪ್ಪತ್ತಾರಕ್ಕೆ ಸ್ಟೇರಿಂಗ್ ಹಿಡಿದ. ಈಗ ನಲವತ್ತೇಳು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಆ ಖಾಸಗಿ ಬಸ್ಸಿನ ಮಾಲೀಕರು ಬೇರೆ. ಆದರೆ ಸ್ಟ್ಯಾಂಡಿನಲ್ಲಿ ಎಲ್ಲರ ಬಾಯಲ್ಲೂ ಅದು ಕಾಂತಣ್ಣನ ಗಾಡಿ.

ಆ ಹೆಸರು ಬಂದದ್ದು ಟೈಮಿಂಗಿನಿಂದ. ಈ ರೂಟಿನಲ್ಲಿ ಪ್ರತಿ ಬಸ್ಸಿಗೂ ಹೊರಡುವ ನಿಮಿಷ ಗೊತ್ತುಮಾಡಿರುತ್ತದೆ. ಕಾಂತರಾಜನ ಹಿಂದೆ ಆರೇ ನಿಮಿಷಕ್ಕೆ ಜಮ್ಶೀದನ ಗಾಡಿ. ಇವನು ಎರಡು ನಿಮಿಷ ತಡಮಾಡಿದರೆ ಅವನ ಪ್ಯಾಸೆಂಜರ್‌ಗಳೂ ಇವನ ಗಾಡಿಗೇ ಹತ್ತುತ್ತಾರೆ. ಆಗ ಇಬ್ಬರೂ ಕೆಳಗಿಳಿದು ಒಬ್ಬರ ವಂಶವನ್ನು ಇನ್ನೊಬ್ಬರು ನೆನೆಯುತ್ತಾರೆ. ಹಾಗಾಗಿ ಕಾಂತರಾಜ್ ಒಂದು ನಿಯಮ ಮಾಡಿಕೊಂಡಿದ್ದ: ನೀರು ಕುಡಿದರೆ ಇಳಿಯಬೇಕು, ಇಳಿದರೆ ಟೈಮಿಂಗ್ ಹೋಗುತ್ತದೆ, ಆದ್ದರಿಂದ ಕುಡಿಯಬಾರದು. ಬೆಳಗಿನ ಆರೂವರೆಗೆ ಸೀಟಿಗೆ ಹತ್ತಿದರೆ ಮೂತ್ರಕ್ಕೆ ಇಳಿಯುತ್ತಿದ್ದದ್ದು ಮಧ್ಯಾಹ್ನ ಎರಡರ ಊಟಕ್ಕೆ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಲೂ ಇದ್ದ.

ಮೂತ್ರಕ್ಕೆ ಹೋದಾಗ ಉರಿ ಶುರುವಾಯಿತು; ಅದಕ್ಕೆ ಉಷ್ಣ ಅಂತ ಹೆಸರಿಟ್ಟ. ಕಂಡಕ್ಟರ್ ಲತೀಫನೂ ಒಪ್ಪಿದ.

"ಇಂಜಿನ್ ಪಕ್ಕ ಕೂತ್ರೆ ಉಷ್ಣ ಆಗ್ದೆ ಇನ್ನೇನು ತಂಪಾಗುತ್ತಾ ಕಾಂತಣ್ಣ? ಎಳನೀರು ಕುಡಿ."

"ಕುಡಿದ್ರೆ ಇಳೀಬೇಕಲ್ಲೋ!"

ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಂದ. ನಾಲ್ಕು ದಿನಕ್ಕೆ ಉರಿ ಇಳಿಯಿತು. ಉಳಿದ ಮಾತ್ರೆಗಳನ್ನು ನುಂಗುವ ಅಗತ್ಯ ಕಾಣಲಿಲ್ಲ. ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಮಾಚೇನಹಳ್ಳಿ ದಾಟುವಾಗ ಬಿಸಿಲಿನಲ್ಲೇ ಹಲ್ಲು ಕಟಕಟಿಸುವಷ್ಟು ಚಳಿ ಹತ್ತಿತು. ಕೆಳಹೊಟ್ಟೆಯ ತಳದಲ್ಲಿ, ಸೀಟಿಗೆ ತಾಗುವ ಜಾಗದಲ್ಲಿ, ಕಲ್ಲಿನ ಮೇಲೆ ಕೂತಂಥ ನೋವು. ಹೇಗೋ ಗಾಡಿ ಶಿವಮೊಗ್ಗ ಮುಟ್ಟಿಸಿದ. ಮೂತ್ರಕ್ಕೆ ಹೋದರೆ ಹನಿ ಹನಿ. ಲತೀಫ್ ಆಟೋ ಹತ್ತಿಸಿ ಸವಳಂಗ ರಸ್ತೆಯ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿನ ಮೂತ್ರರೋಗ ತಜ್ಞೆ ಡಾಕ್ಟರ್ ಸಂಘಮಿತ್ರಾ. ಹೆಂಗಸು ಎಂದು ತಿಳಿದಾಗ ಕಾಂತರಾಜ್ ಸೊಂಟನೋವು ಎಂದ. ಅವರು ಜ್ವರ ನೋಡಿ, ಮತ್ತೆ ಕೇಳಿ, ನಿಜ ಹೊರಡಿಸಿದರು. ಮೂರು ದಿನ ಇಂಜೆಕ್ಷನ್ ಆಯಿತು. ಮೂತ್ರದ ಕಲ್ಚರ್ ರಿಪೋರ್ಟ್ ಬಂದ ದಿನ ಹೆಂಡತಿ ಶೀಲಾಳನ್ನೂ ಕೂರಿಸಿಕೊಂಡು ವಿವರಿಸಿದರು.

"ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತೆ, ಸುಲಿಯದ ಅಡಿಕೆಯಷ್ಟು. ಅದು ಊದಿಕೊಂಡಿದೆ. ಮೂತ್ರದ ಕೊಳವೆ ಅದರ ಮಧ್ಯದಲ್ಲೇ ಹಾದುಹೋಗೋದ್ರಿಂದ ಮೂತ್ರ ಕಟ್ಟಿಕೊಳ್ತು."

ಕಾಂತರಾಜ್ ನೆಲ ನೋಡುತ್ತ, "ಡ್ರೈವರ್‌ಗೆ ಆ ಜಾಗದಲ್ಲಿ ಕಾಯಿಲೆ ಅಂದ್ರೆ ಜನ ಬೇರೇನೇ ಅಂತಾರೆ, ಮೇಡಂ" ಎಂದ.

"ನಿಮ್ಮ ಮೂತ್ರದ ಕಲ್ಚರಲ್ಲಿ ಸಿಕ್ಕಿರೋದು ನಮ್ಮೆಲ್ಲರ ಕರುಳಲ್ಲೂ ಇರೋ ಬ್ಯಾಕ್ಟೀರಿಯಾ. ಜನಕ್ಕೆ ರಿಪೋರ್ಟ್ ಓದೋಕೆ ಬರಲ್ಲ, ನನಗೆ ಬರುತ್ತೆ."

"ಕೂತು ಕೂತು ಬಂತಾ?"

"ಕೂತಿದ್ದಕ್ಕೇ ಬಂತು ಅಂತ ಹೇಳೋಕಾಗಲ್ಲ. ಆದ್ರೆ ನೀರು ಕುಡೀದೆ, ಮೂತ್ರ ತಡೆದು ಇಟ್ಕೊಂಡ್ರೆ ಅವು ಬೆಳೆಯೋಕೆ ಜಾಗ ಕೊಟ್ಟಂಗೆ. ಮಾತ್ರೆ ಅರ್ಧಕ್ಕೆ ಬಿಟ್ಟಿದ್ದು ಇನ್ನೊಂದು ತಪ್ಪು. ಈ ಸಲ ನಾಲ್ಕು ವಾರ ಪೂರ್ತಿ. ನೀರು ಕುಡೀರಿ. ಮೂರು-ನಾಲ್ಕು ಗಂಟೆಗೊಮ್ಮೆ ಮೂತ್ರ ಮಾಡಿ, ಹಾಗೇ ಸ್ವಲ್ಪ ನಡೆದಾಡಿ. ಖಾರ, ಕಾಫಿಯಿಂದ ಉರಿ ಜಾಸ್ತಿ ಅನಿಸಿದ್ರೆ ಕಡಿಮೆ ಮಾಡಿ."

"ಮೂರು-ನಾಲ್ಕು ಗಂಟೆಗೊಮ್ಮೆ ಆಗಲ್ಲ ಮೇಡಂ. ಟೈಮಿಂಗ್ ಇದೆ."

"ಇದು ಹಳೇ ಕಾಯಿಲೆ ಆಗಿ ಕೂತ್ರೆ ಸೀಟಲ್ಲಿ ನೀವು ಕೂರೋಕಾಗಲ್ಲ," ಎಂದರು ಡಾಕ್ಟರ್. ಶೀಲಾ ಅದನ್ನು ದಾರಿಯುದ್ದಕ್ಕೂ ಹತ್ತು ಸಲ ಹೇಳಿದಳು.

ಎರಡು ವಾರ ಅವನ ಸೀಟಿನಲ್ಲಿ ರವಿಶಂಕರ ಎಂಬ ಬದಲಿ ಡ್ರೈವರ್ ಕೂತ. ಮೂತ್ರಕ್ಕೆ ಗಾಡಿ ನಿಲ್ಲಿಸಬೇಕಾಗುತ್ತದೆ ಎಂದು ಕೇಳಿದಾಗ ಮಾಲೀಕರು ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದರು: "ಹಿಂದಿನ ಗಾಡಿಯವನು ಒಪ್ಪಿದ್ರೆ ನಿಲ್ಲಿಸ್ಕೋ. ಜಗಳ ತಂದ್ರೆ ಮಾತ್ರ ರವಿಶಂಕರನೇ ಇರ್ಲಿ."

ಅಂದರೆ ಜಮ್ಶೀದನ ಹತ್ತಿರ ಹೋಗಬೇಕು. ಹನ್ನೆರಡು ವರ್ಷದಿಂದ ಎರಡೆರಡು ನಿಮಿಷಕ್ಕೆ ಕಚ್ಚಾಡಿದ ಮನುಷ್ಯ. ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಕ್ಕ.

"ಜಮ್ಶೀದ್ ಭಾಯ್, ಬೆಳಗ್ಗೆ ಹತ್ತರ ಟ್ರಿಪ್ಪಿಗೆ, ಸಂಜೆ ಐದರ ಟ್ರಿಪ್ಪಿಗೆ ನಾಲ್ಕು ನಾಲ್ಕು ನಿಮಿಷ ಬೇಕಿತ್ತು."

"ವಾಹ್! ಎರಡು ವಾರ ಮಲಗಿ ಇದನ್ನೇ ಯೋಚನೆ ಮಾಡಿದ್ಯಾ? ಪೂರಾ ಗಾಡೀನೇ ತಗೋ ಮಾರಾಯ, ನಾನು ನಡ್ಕೊಂಡು ಹೋಗ್ತೀನಿ."

ಸುತ್ತ ಐದಾರು ಜನ ನಕ್ಕರು. ಕಾಂತರಾಜ್ ಏನಾದರೂ ಸುಳ್ಳು ಹೇಳಬಹುದಿತ್ತು. ಗೇರ್ ಬಾಕ್ಸ್ ಅನ್ನಬಹುದಿತ್ತು. ಸುಳ್ಳಾದರೆ ನಾಳೆ ಸಿಕ್ಕಿಬೀಳುತ್ತದೆ, ಮೂತ್ರ ದಿನಾ ಬರುತ್ತದೆ. ಹೇಳಿಬಿಟ್ಟ. ಗ್ರಂಥಿ, ಊತ, ಕಲ್ಚರ್, ಅರ್ಧಕ್ಕೆ ಬಿಟ್ಟ ಮಾತ್ರೆ, ಮೂರು-ನಾಲ್ಕು ಗಂಟೆ, ಎಲ್ಲವನ್ನೂ ಡಾಕ್ಟರ್ ಹೇಳಿದ ಕ್ರಮದಲ್ಲೇ.

ಜಮ್ಶೀದ್ ಲೋಟ ಕೆಳಗಿಟ್ಟ. "ಪ್ಯಾಸೆಂಜರ್ ಹತ್ತಿಸ್ಬಾರ್ದು ಆ ನಾಲ್ಕು ನಿಮಿಷ."

"ಬಾಗಿಲು ಹಾಕಿರ್ತೀವಿ."

"ಆರು ಗಂಟೆಗೆ ಮಾಚೇನಹಳ್ಳಿ ಫ್ಯಾಕ್ಟರಿ ಬಿಡೋ ಟೈಮಲ್ಲಿ ನೀನು ನಿಲ್ಲಿಸ್ಬಾರ್ದು. ಅವರೆಲ್ಲ ನನಗೆ."

ಅದು ದಿನದ ದೊಡ್ಡ ಗಿರಾಕಿ. ಕಾಂತರಾಜ್ ಮಾಲೀಕರಿಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿ, ಕೈ ಚಾಚಿದ. ಲತೀಫ್ ಹಣೆ ಹೊಡೆದುಕೊಂಡ.

ಮೊದಲ ದಿನ ಹತ್ತಕ್ಕೆ ಇಂಜಿನ್ ಆಫ್ ಮಾಡಿ ಇಳಿದ. ಮುಂದಿನ ಸೀಟಿನ ಹೆಂಗಸು ಯಾಕೆ ನಿಂತಿತು ಎಂದು ಕೂಗಿದಳು. ಲತೀಫ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟ: "ಡ್ರೈವರ್ ಮೂತ್ರಕ್ಕೆ ಹೋಗಿದಾರೆ ಕಣಮ್ಮ!" ಕಾಂತರಾಜನ ಕಿವಿ ಬಿಸಿಯಾಯಿತು, ಆದರೆ ಹಿಂತಿರುಗಲಿಲ್ಲ. ಶೌಚಾಲಯದಲ್ಲಿ ಧಾರೆ ಇನ್ನೂ ಸಣ್ಣದು, ನಿಧಾನ. ಅವಸರ ಮಾಡದೆ ನಿಂತ. ಹೊರಗೆ ಬರುವಷ್ಟರಲ್ಲಿ ಐದು ನಿಮಿಷವಾಗಿತ್ತು. ಹಿಂದಿನ ಬಸ್ಸಿನ ಕಿಟಕಿಯಿಂದ ಜಮ್ಶೀದ್ ತಲೆ ಹಾಕಿ ಗಡಿಯಾರ ತೋರಿಸಿದ.

"ನಾಳೆ ಮೂರೇ ತಗೋತೀನಿ ಭಾಯ್."

"ಬೇಡಪ್ಪ," ಎಂದ ಜಮ್ಶೀದ್. "ಪೂರ್ತಿ ಮುಗಿಸ್ಕೊಂಡೇ ಬಾ. ಅರ್ಧಕ್ಕೆ ಬಿಟ್ಟು ಬಿಟ್ಟೇ ಅಲ್ವಾ ಇಷ್ಟೆಲ್ಲ ಆಗಿದ್ದು?"