ಕುದುರೆಗೆಂದು ಕಟ್ಟಿದ ಉಂಡೆ

ಮರೀನಾ ಬೀಚಿನಲ್ಲಿ ಸವಾರಿ ಕುದುರೆಯ ಬಾಯಿಗೆ ನಾನು ಹುರುಳಿ ಉಂಡೆ ಹಿಡಿದೆ. ಅದು ಕಂಡರಿಯದ ವಸ್ತುವನ್ನು ಮೂಸುವಂತೆ ಮೂಸಿ ಹಿಂದೆ ಸರಿಯಿತು. ಕುದುರೆಯವರು ನನ್ನ ಡಬ್ಬಿಯೊಳಗೆ ಇಣುಕಿ ತಮಿಳಿನಲ್ಲಿ ಕೇಳಿದರು: “ಇದು ಸಾರ್ ದಿನಾ ಇಲ್ಲಿ ಕೂತು ತಿನ್ನೋ ಉಂಡೆ ಅಲ್ವಾಮ್ಮಾ?”

ಪಕ್ಕದಲ್ಲಿದ್ದ ನಮ್ಮ ಯಜಮಾನರು ಸಮುದ್ರ ನೋಡತೊಡಗಿದರು.

ಸಕ್ಕರೆ ಕಾಯಿಲೆ ಬಂದ ಮೇಲೆ ಮನೆಯಲ್ಲಿ ಅವರಿಗೆ ಸಿಹಿ ಬಂದ್. ಮೈಲಾಪೂರ್‌ನಿಂದ ಬೀಚಿಗೆ ವಾಕಿಂಗ್ ಶುರು ಮಾಡಿದವರಿಗೆ ಇದ್ದಕ್ಕಿದ್ದಂತೆ ಕುದುರೆಗಳ ಮೇಲೆ ಕರುಣೆ ಉಕ್ಕಿತ್ತು. ಮೂಕಪ್ರಾಣಿಗಲ್ಲವೇ ಎಂದು ನಾನೂ ಹುರುಳಿ ಹುರಿದು ಪುಡಿ ಮಾಡಿ, ಕ್ಯಾರೆಟ್ ತುರಿದು ಹಾಕಿ ಉಂಡೆ ಕಟ್ಟಿ ಕಳಿಸುತ್ತಿದ್ದೆ. “ಬೆಲ್ಲ ಸ್ವಲ್ಪ ಜಾಸ್ತಿ ಇರಲಿ ಕಣೇ, ಅದಕ್ಕೆ ಸಿಹಿ ಅಂದ್ರೆ ಪ್ರಾಣ” ಅನ್ನುತ್ತಿದ್ದರು. ಕುದುರೆಗೆ ಏಲಕ್ಕಿ ಇಷ್ಟ ಎಂದಾಗ ನನಗೆ ಅನುಮಾನ ಬರಲಿಲ್ಲ. ಗೋಡಂಬಿಯನ್ನು ತುಪ್ಪದಲ್ಲಿ ಹುರಿದೇ ಹಾಕಬೇಕು ಎಂದಾಗಲೂ ಬರಲಿಲ್ಲ. ಎಂಥ ನಾಜೂಕಿನ ಕುದುರೆಯಪ್ಪಾ ಎಂದುಕೊಂಡು ಹುರಿದು ಹಾಕಿದ್ದೆ.

ಈಗಲೂ ಉಂಡೆ ಕಟ್ಟಿ ಕಳಿಸುತ್ತೇನೆ, ಬೆಲ್ಲ ಮಾತ್ರ ಹಾಕುವುದಿಲ್ಲ. ಕುದುರೆಗೆ ಯಾಕೋ ಮೊದಲಿನ ಹಾಗೆ ರುಚಿಸುತ್ತಿಲ್ಲವಂತೆ.